ಎಡಗಣ್ಣಿನ ಸೊನ್ನೆ

"ಸೇವ್ ಮಾಡಿದ ಮೇಲೆ ಫೈಲನ್ನ ಮತ್ತೆ ತೆರೀತೀರಾ?"

ಅವನು ಅವಳ ಹತ್ತಿರ ಆಡಿದ ಮೊದಲ ಮಾತೇ ಅದು. ನಮಸ್ಕಾರವಿಲ್ಲ, ಪರಿಚಯವಿಲ್ಲ. ಹೆಗಲಿನ ಚೀಲವನ್ನೂ ಇಳಿಸದೆ ಅವಳ ಮೇಜಿನ ಪಕ್ಕ ನಿಂತು ಕೇಳಿದ್ದ.

ಗುಬ್ಬಿ ಟೈಪ್ ಮಾಡುವುದನ್ನು ನಿಲ್ಲಿಸಿ ಅವನತ್ತ ತಿರುಗಿದಳು.

"ಇಲ್ಲ," ಎಂದಳು.

ಅದು ಸುಳ್ಳು.

ಅವನು ಅರೆಗಳಿಗೆ ಅವಳನ್ನೇ ನೋಡಿ, ಕಿವಿಯ ಮೇಲಿನ ಪೆನ್ಸಿಲ್ ತೆಗೆದು ಪುಸ್ತಕದಲ್ಲಿ ಏನೋ ಗೀಚಿಕೊಂಡ. ಅವನ ಕಣ್ಣುಗಳು ಚೆನ್ನಾಗಿದ್ದವು... ಆದರೆ ಅವು ಅವಳನ್ನು ನಂಬಿದ ಕಣ್ಣುಗಳಲ್ಲ.

ಅದು ಕನ್ನಡಕ ತಯಾರಿಸುವ ಜಾಗ. ಮುಂದಿನ ಕೋಣೆಯಲ್ಲಿ ಮೂವರು ಹುಡುಗಿಯರು. ಕಣ್ಣಿನ ಡಾಕ್ಟರ ಚೀಟಿ ನೋಡಿ ಮೊದಲು ಬಲಗಣ್ಣಿನ ನಂಬರ್, ಆಮೇಲೆ ಎಡಗಣ್ಣಿನದು ಟೈಪ್ ಮಾಡಿ ಸೇವ್ ಮಾಡುವುದು ಅವರ ಕೆಲಸ. ಆ ಫೈಲ್ ಸರ್ವರ್‌ಗೆ ಹೋಗಿ ಕೂರುತ್ತದೆ. ಗೋಡೆಯಾಚೆ ಗಾಜು ಉಜ್ಜುವ ಕೋಣೆ. ಅಲ್ಲಿನ ಕಂಪ್ಯೂಟರ್ ಅದೇ ಫೈಲನ್ನು ಓದಿ ಯಂತ್ರಕ್ಕೆ ಕೊಡುತ್ತದೆ. ಎಲ್ಲರಿಗೂ ಸೇರಿ ಒಂದೇ ಕಪಾಟು ಇದ್ದ ಹಾಗೆ.

ಎರಡು ತಿಂಗಳಿಂದ ಆಗೊಂದು ಈಗೊಂದು ಕನ್ನಡಕ ವಾಪಸ್ ಬರುತ್ತಿತ್ತು. ಬಲಗಣ್ಣು ಸರಿ. ಎಡಗಣ್ಣಿಗೆ ಮಾತ್ರ ಬರೀ ಗಾಜು. ನಂಬರ್ ಸೊನ್ನೆ! ಒಬ್ಬ ಮುದುಕಿ ಮೆಟ್ಟಿಲು ಸರಿಯಾಗಿ ಕಾಣದೆ ಬಿದ್ದು ಮಣಿಕಟ್ಟು ಮುರಿದುಕೊಂಡಿದ್ದಳು.

ಒಟ್ಟು ಹನ್ನೊಂದು ಕನ್ನಡಕ. ಹನ್ನೊಂದೂ ಗುಬ್ಬಿ ಟೈಪ್ ಮಾಡಿದ್ದು.

ಅದಕ್ಕಿಂತ ಕೆಟ್ಟ ವಿಷಯ ಬೇರೆಯೇ ಇತ್ತು. ಈಗ ಆ ಫೈಲುಗಳನ್ನು ತೆರೆದರೆ ಎಡಗಣ್ಣಿನ ನಂಬರ್ ಸರಿಯಾಗಿಯೇ ಇದೆ. ಆದರೆ ಕೊನೆಯ ಸಲ ಸೇವ್ ಆದ ಹೊತ್ತು ನೋಡಿದರೆ, ಉಜ್ಜುವ ಕೋಣೆ ಅದನ್ನು ಓದಿದ ಹೊತ್ತಿಗಿಂತ ಸ್ವಲ್ಪವೇ ಸ್ವಲ್ಪ ಆಮೇಲೆ.

ಯಜಮಾನರಿಗೆ ಇನ್ನೇನು ಬೇಕು? ಹುಡುಗಿ ತಪ್ಪು ಮಾಡುತ್ತಾಳೆ, ಆಮೇಲೆ ಸದ್ದಿಲ್ಲದೆ ತಿದ್ದಿಡುತ್ತಾಳೆ. ಅಂದರೆ ಎಲ್ಲರ ಕಣ್ಣಿಗೂ ಮಣ್ಣೆರಚುತ್ತಿದ್ದಾಳೆ! ಆದರೂ ಸಾಕ್ಷಿ ಬೇಕಲ್ಲ ಎಂದು ಹೊರಗಿನಿಂದ ಈ ಸರ್ವರ್ ಬಲ್ಲವನನ್ನು ಕರೆಸಿದ್ದರು. ಶುಕ್ರವಾರದೊಳಗೆ ಅವನು ವಿಷಯ ಬಯಲು ಮಾಡಬೇಕು. ಪಕ್ಕದ ಹುಡುಗಿಯರು ಆಗಲೇ ಅವನಿಗೆ 'ಪತ್ತೇದಾರ' ಎಂದು ಹೆಸರಿಟ್ಟಾಗಿತ್ತು.

ಗುಬ್ಬಿ ಸುಳ್ಳು ಹೇಳಿದ್ದೇಕೆ?

ಅವಳು ಏಳನೇ ತರಗತಿಗೆ ಶಾಲೆ ಬಿಟ್ಟವಳು. ಊರೆಲ್ಲ ಕೆಲಸ ಕೇಳಿ ತಿರುಗಿದಾಗ, ಸರ್ಟಿಫಿಕೇಟು ಕೇಳದೆ ಬೆರಳಿನ ವೇಗ ನೋಡಿ ಕೆಲಸ ಕೊಟ್ಟದ್ದು ಇದೊಂದೇ ಜಾಗ. ಮೂರನ್ನು ಎಂಟು ಮಾಡಿಬಿಟ್ಟೆನೇನೋ ಎಂಬ ಭಯ ಅವಳಿಗೆ ದಿನವೂ. ಅದಕ್ಕೇ ಸೇವ್ ಮಾಡಿದ ಫೈಲನ್ನು ಮತ್ತೆ ತೆರೆದು, ಒಂದೊಂದೇ ಅಂಕಿಯ ಮೇಲೆ ಬೆರಳಿಟ್ಟು, ತುಟಿಯಲ್ಲೇ ಓದಿ, ಮತ್ತೊಮ್ಮೆ ಸೇವ್ ಮಾಡುತ್ತಿದ್ದಳು. ಯಾರೂ ನೋಡದ ಹಾಗೆ. ನೋಡಿದರೆ ಒಂದನೇ ಕ್ಲಾಸಿನ ಮಗು ಎಂದು ನಕ್ಕಾರು.

ಇದನ್ನು ಬಾಯಿಬಿಟ್ಟು ಹೇಳಿದರೆ? 'ನಿನ್ನ ಕೆಲಸದ ಮೇಲೆ ನಿನಗೇ ನಂಬಿಕೆ ಇಲ್ಲ, ನಾವು ಹೇಗಮ್ಮ ನಂಬೋದು' ಅಂದುಬಿಟ್ಟರೆ?

ಈ ಕೆಲಸ ಹೋದರೆ ಬೇರೆ ಕೆಲಸ ಸಿಗುವುದಿಲ್ಲ. ಮೋಸ ಮಾಡಿದವಳು ಎಂಬ ಹೆಸರು ಹೊತ್ತು ಹೋದರಂತೂ ಯಾವ ಬಾಗಿಲೂ ತೆರೆಯುವುದಿಲ್ಲ.

ಮರುದಿನ ಪತ್ತೇದಾರ ಒಂದು ಕುರ್ಚಿ ಎಳೆದುಕೊಂಡು ಬಂದು ಅವಳ ಪಕ್ಕದಲ್ಲೇ ಕುಳಿತ.

ಅವಳು ಟೈಪ್ ಮಾಡುವುದನ್ನು ನೋಡುವುದೇ ಅವನ ಕೆಲಸ. ಮಾತಿಲ್ಲ, ಕತೆಯಿಲ್ಲ. ಟೀ ಆರಿ ಕೆನೆಗಟ್ಟಿದರೂ ಕುಡಿಯುವುದಿಲ್ಲ. ಮಧ್ಯಾಹ್ನ ಫ್ಯಾನಿನ ಗಾಳಿಗೆ ಅವಳ ಚೀಟಿಗಳು ಹಾರಾಡಿದಾಗ, ಎದ್ದು ಹೋಗಿ ಫ್ಯಾನನ್ನು ಆಚೆ ತಿರುಗಿಸಿದ.

'ಯಾಕೆ ತಿರುಗಿಸಿದ?' ಗುಬ್ಬಿ ಸಂಜೆಯವರೆಗೂ ಯೋಚಿಸಿದಳು. 'ಚೀಟಿ ಹಾರಿತು ಅಂತ ನಾನು ನೆಪ ಹೇಳದೇ ಇರಲಿ ಅಂತಲಾ?'

ಅವನ ಮುಂದೆ ಫೈಲನ್ನು ಮತ್ತೆ ತೆರೆಯುವ ಧೈರ್ಯ ಅವಳಿಗೆ ಬರಲಿಲ್ಲ. ಒಂದೇ ಸಲ ಸೇವ್. ಹಲ್ಲು ಕಚ್ಚಿ ಮುಂದಿನ ಚೀಟಿ.

ಮೂರನೇ ದಿನ ಅವನು ಟೀಗೆ ಎದ್ದಾಗ ಪುಸ್ತಕ ತೆರೆದೇ ಇತ್ತು. ಗುಬ್ಬಿ ಓರೆಗಣ್ಣಿನಲ್ಲಿ ನೋಡಿದಳು. ಪುಟದ ತುಂಬ ಫೈಲು ಸೇವ್ ಆದ ಹೊತ್ತುಗಳು, ಹಳೆಯ ದಿನಗಳವು. ಪ್ರತಿ ಸಾಲಿನ ಮುಂದೆಯೂ ಅವಳ ಕಂಪ್ಯೂಟರಿನ ನಂಬರ್, ಎರಡೆರಡು ಸಲ.

ಅವಳು ಸರಕ್ಕನೆ ತನ್ನ ಪರದೆಯತ್ತ ತಿರುಗಿಕೊಂಡಳು.

ಅವನಿಗೆ ಗೊತ್ತಿದೆ! ಮೊದಲ ದಿನದಿಂದಲೂ ಗೊತ್ತಿದೆ. ಗೊತ್ತಿದ್ದೂ ಕೇಳಿದ್ದಾನೆ... ಸುಳ್ಳು ಹೇಳುತ್ತಾಳೋ ಇಲ್ಲವೋ ನೋಡಲು ಬಲೆ ಬೀಸಿದ್ದಾನೆ!

ಅತ್ತ ಅವನ ಮನಸ್ಸೂ ನೆಟ್ಟಗಿರಲಿಲ್ಲ ಎಂಬುದು ಅವಳಿಗೆಲ್ಲಿ ಗೊತ್ತಾಗಬೇಕು? ಈ ಹುಡುಗಿ ಸುಳ್ಳು ಹೇಳಿದ್ದಾಳೆ, ಅದು ಖಚಿತ. ಆದರೆ ಕಳ್ಳಾಟ ಆಡುವವರು ಚೀಟಿಯ ಅಂಕಿಗಳನ್ನು ಹೀಗೆ ತುಟಿಯಲ್ಲಿ ಓದುತ್ತಾರೆಯೇ? ಆ ತುಟಿಗಳನ್ನು ಕೆಲಸಕ್ಕೆ ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ನೋಡಿದ್ದೇನೆಂದು ಅರಿವಾಗಿ, ಅವನು ತನ್ನ ಮೇಲೆಯೇ ಅನುಮಾನಪಡತೊಡಗಿದ್ದ.

ಆ ಸಂಜೆ ಮನೆಯಲ್ಲಿ ಅತ್ತಿಗೆ ಬಟ್ಟೆ ಮಡಚುತ್ತ ಗುಬ್ಬಿಯ ಮುಖ ನೋಡಿಯೇ ಹಿಡಿದುಬಿಟ್ಟಳು. ಗುಬ್ಬಿ ಎಲ್ಲವನ್ನೂ ಹೇಳಿಕೊಂಡಳು, ಪುಸ್ತಕದ ವಿಷಯವನ್ನೂ.

"ಒಬ್ಬ ಗಂಡಸು ಮೂರು ದಿನ ನಿನ್ನ ವಿಷಯ ಬರ್ಕೊಂಡು ಕೂತಿದ್ದಾನೆ ಅಂದ್ರೆ ಎರಡೇ ಕಾರಣ ಕಣೆ," ಎಂದಳು ಅತ್ತಿಗೆ. "ಒಂದೋ ಕೆಲಸ ಕಳೀತಾನೆ, ಇಲ್ಲಾ ನಿದ್ದೆ ಕಳೀತಾನೆ. ಯಾವುದು ಅಂತ ಅವನನ್ನೇ ಕೇಳು."

ಗುಬ್ಬಿಗೆ ನಗು ಬರಲಿಲ್ಲ.

ಗುರುವಾರ ಬೆಳಿಗ್ಗೆ ಯಜಮಾನರ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಅವರ ಗಟ್ಟಿ ದನಿ ಹೊರಗಿನವರೆಗೂ ಬರುತ್ತಿತ್ತು.

"ನೀವು ಪಕ್ಕದಲ್ಲಿ ಕೂತ ಮೇಲೆ ಒಂದಾದರೂ ಸೊನ್ನೆ ಬಂತೇನ್ರಿ? ಕಾವಲು ಇದ್ರೆ ಕೆಲಸ ಸರಿ, ಇಲ್ದಿದ್ರೆ ಹೀಗೆ. ಇದಕ್ಕಿಂತ ಸಾಕ್ಷಿ ಬೇಕಾ? ನಾಳೆ ಕಳಿಸಿಬಿಡ್ತೀನಿ."

ಗುಬ್ಬಿ ಗೋಡೆಗೆ ಒರಗಿ ನಿಂತಳು. 'ಒಂದಾದರೂ ಸೊನ್ನೆ ಬಂತೇ' ಎಂಬ ಮಾತು ಕಿವಿಯಲ್ಲೇ ಉಳಿಯಿತು.

ಅವನು ಪಕ್ಕದಲ್ಲಿ ಕೂತಾಗಿನಿಂದ ಒಂದೂ ಸೊನ್ನೆ ಇಲ್ಲ.

ಅಂದಿನಿಂದ ಅವಳು ಬದಲಾಯಿಸಿದ್ದು ಒಂದೇ ಒಂದು. ಎರಡನೇ ಸಲ ತೆರೆದಿಲ್ಲ. ಎರಡನೇ ಸಲ ಸೇವ್ ಮಾಡಿಲ್ಲ.

ಉಳಿದಿಬ್ಬರು ಹುಡುಗಿಯರೂ ಹಾಗೆ ಮಾಡುವುದಿಲ್ಲ. ಅವರ ಕನ್ನಡಕ ಒಂದೂ ವಾಪಸ್ ಬಂದಿಲ್ಲ!

'ಹಾಗಾದರೆ... ತಪ್ಪಾಗಬಾರದು ಅಂತ ಮಾಡಿದ್ದರಿಂದಲೇ ತಪ್ಪಾಗ್ತಾ ಇತ್ತಾ?'

ಇದನ್ನು ಹೇಳಬೇಕಾದರೆ ಸುಳ್ಳನ್ನೂ ಒಪ್ಪಿಕೊಳ್ಳಬೇಕು. ಅದೂ ಯಾರ ಮುಂದೆ? ಬಲೆ ಬೀಸಿ ಕುಳಿತವನ ಮುಂದೆ. ಹೇಳದಿದ್ದರೆ ನಾಳೆ ಮನೆಗೆ. ಹೇಳಿದರೂ ಮನೆಗೇ ಇರಬಹುದು. ಆದರೆ ಇನ್ನೊಬ್ಬ ಮುದುಕಿ ಮೆಟ್ಟಿಲಿಂದ ಬೀಳುವುದಾದರೂ ನಿಂತೀತು.

ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ಅವಳು ಅವನ ಮುಂದೆ ಹೋಗಿ ನಿಂತಳು.

"ಸುಳ್ಳು ಹೇಳಿದೆ," ಎಂದಳು. "ನಾನು ಪ್ರತಿಯೊಂದನ್ನೂ ಮತ್ತೆ ತೆರೀತೀನಿ. ಮತ್ತೆ ಸೇವ್ ಮಾಡ್ತೀನಿ. ನಾನು ಓದಿದ್ದು ಏಳನೇ ಕ್ಲಾಸು. ನನಗೆ... ಭಯ."

ಅವನು ಪೆನ್ಸಿಲ್ ಕೆಳಗಿಟ್ಟ. ಏನೂ ಬರೆದುಕೊಳ್ಳಲಿಲ್ಲ.

"ನನ್ನ ಮುಂದೆ ಮಾಡ್ತೀರಾ? ನಾನು ಇಲ್ಲವೇ ಇಲ್ಲ ಅಂದ್ಕೊಂಡು?"

ಅವನು ಉಜ್ಜುವ ಕೋಣೆಗೆ ಹೋಗಿ ಯಂತ್ರ ನಿಲ್ಲಿಸಿ, ಅಲ್ಲಿನ ಕಂಪ್ಯೂಟರ್ ಮುಂದೆ ಕುಳಿತ. ನಡುವಿನ ಬಾಗಿಲು ತೆರೆದಿಟ್ಟರು. ಅವಳು ಒಂದು ಹಳೆಯ ಚೀಟಿ ಹಿಡಿದು ಟೈಪ್ ಮಾಡಿದಳು. ಸೇವ್. ತೆರೆದು, ಬೆರಳಿಟ್ಟು ಓದಿ, ಮತ್ತೆ ಸೇವ್. ಆಚೆಯಿಂದ "ಸರಿ ಇದೆ" ಎಂಬ ದನಿ. ಮತ್ತೊಮ್ಮೆ. "ಸರಿ ಇದೆ." ಹತ್ತು ಸಲ ಆಯಿತು. ಹದಿನೈದಾಯಿತು. ಅವನು ಸುಮ್ಮನೆ ಆಟ ಆಡಿಸುತ್ತಿದ್ದಾನೇನೋ ಎಂದು ಅವಳ ಮನಸ್ಸು ಮತ್ತೆ ಹುಳಿಯಾಗತೊಡಗಿತು.

ಹದಿನೇಳನೇ ಸಲ ಆಚೆಯಿಂದ ಸದ್ದೇ ಇಲ್ಲ.

"ಬನ್ನಿ ಇಲ್ಲಿ," ಎಂದ ಅವನು. ದನಿ ಬದಲಾಗಿತ್ತು.

ಪರದೆಯ ಮೇಲೆ ಬಲಗಣ್ಣಿನ ನಂಬರ್ ಪೂರ್ತಿ ಇತ್ತು. ಎಡಗಣ್ಣಿನ ಜಾಗದಲ್ಲಿ ಸೊನ್ನೆ. ಸಾಲುಸಾಲು ಸೊನ್ನೆ.

ಎರಡು ತಿಂಗಳು ತನ್ನ ನಿದ್ದೆ ಕದ್ದ ಸೊನ್ನೆಯನ್ನು ಗುಬ್ಬಿ ಮೊದಲ ಸಲ ಕಣ್ಣಾರೆ ಕಂಡಳು. ಕೆನ್ನೆ ಒದ್ದೆಯಾಗಿದ್ದು ಅವಳಿಗೆ ಗೊತ್ತಾಗಲಿಲ್ಲ.

ಅವನು ನಿಧಾನವಾಗಿ ಬಿಡಿಸಿ ಹೇಳಿದ. ಮೊದಲ ಸೇವ್ ಆದಾಗ ಉಜ್ಜುವ ಕೋಣೆಗೆ ಸುದ್ದಿ ಹೋಗುತ್ತದೆ. ಇಲ್ಲಿನ ಕಂಪ್ಯೂಟರ್ ಓದಲು ಬರುವ ಹೊತ್ತಿಗೆ, ಅಲ್ಲಿ ಅವಳ ಎರಡನೇ ಸೇವ್. ಸರ್ವರ್ ಹಳೆಯದನ್ನು ಅಳಿಸಿ, ಹೊಸದಕ್ಕೆ ಮೊದಲು ಜಾಗ ಮಾಡುತ್ತದೆ, ಆಮೇಲೆ ಅಂಕಿಗಳನ್ನು ತುಂಬುತ್ತದೆ.

"ತಟ್ಟೆ ಇಟ್ಟಾಗಿದೆ, ಇನ್ನೂ ಪೂರ್ತಿ ಬಡಿಸಿಲ್ಲ. ಅಷ್ಟರಲ್ಲಿ ಇದು ಬಂದು ಖಾಲಿ ಜಾಗವನ್ನೂ ಊಟ ಅಂತ ಎತ್ಕೊಂಡು ಹೋಗುತ್ತೆ. ಎಡಗಣ್ಣು ಕೊನೇಲಿ ಬರುತ್ತಲ್ಲ, ಯಾವಾಗಲೂ ಅದಕ್ಕೇ ಪೆಟ್ಟು. ಅರ್ಧ ಬಡಿಸಿದ್ದನ್ನ ತೋರಿಸಿದ್ದು ಸರ್ವರ್ ತಪ್ಪು. ನಿಮ್ಮದಲ್ಲ."

ಯಜಮಾನರು ಅಷ್ಟು ಸುಲಭಕ್ಕೆ ಒಪ್ಪುವವರೇ? ಹುಡುಗಿಯ ಪರವಾಗಿ ಕತೆ ಕಟ್ಟುತ್ತಿದ್ದೀರಾ ಎಂದು ಅವನನ್ನೇ ಮೇಲಿಂದ ಕೆಳಗೆ ನೋಡಿದರು. ಅವನು ವಾದಕ್ಕೆ ಇಳಿಯಲಿಲ್ಲ. ಅವರನ್ನೇ ಗುಬ್ಬಿಯ ಕುರ್ಚಿಯಲ್ಲಿ ಕೂರಿಸಿದ. ಯಜಮಾನರು ಕನ್ನಡಕ ಏರಿಸಿಕೊಂಡು, ಒಂದೊಂದೇ ಕೀಲಿ ಹುಡುಕಿ ಒತ್ತಿ, ಸೇವ್ ಮಾಡಿ, ತೆರೆದು, ಮತ್ತೆ ಸೇವ್ ಮಾಡಿದರು. ಮಾಡುತ್ತಲೇ ಹೋದರು. ಇಪ್ಪತ್ತೆರಡನೇ ಸಲ ಆಚೆ ಸೊನ್ನೆ ಬಂತು.

"ಇದು ನಾನು ಮಾಡಿದ್ದಲ್ಲ," ಎಂದುಬಿಟ್ಟರು ಯಜಮಾನರು.



ಎರಡು ತಿಂಗಳಿಂದ ಗುಬ್ಬಿ ಅವರ ಮುಂದೆ ನಿಂತು ಹೇಳುತ್ತಿದ್ದದ್ದೂ ಅದೇ ಮಾತು. ಯಜಮಾನರು ಕನ್ನಡಕ ತೆಗೆದು ಒರೆಸಿದರು, ಇನ್ನೊಮ್ಮೆ ಒರೆಸಿದರು. ಕೊನೆಗೆ ಕುರ್ಚಿ ಬಿಟ್ಟೆದ್ದು, "ಕೂತ್ಕೊಳ್ಳಮ್ಮ, ನಿನ್ನ ಜಾಗ," ಎಂದಷ್ಟೇ ಹೇಳಿ ಹೊರಗೆ ಹೋದರು. ಅದಕ್ಕಿಂತ ದೊಡ್ಡ ಕ್ಷಮೆ ಅವರ ಬಾಯಲ್ಲಿ ಬರುವಂಥದ್ದಲ್ಲ.

ಶುಕ್ರವಾರ ಅವನು ಸರ್ವರ್ ಸರಿಮಾಡಿದ. ಇನ್ನು ಪ್ರತಿ ಫೈಲೂ ಮೊದಲು ಬೇರೆ ಹೆಸರಿನಲ್ಲಿ ಪೂರ್ತಿ ತುಂಬಿಕೊಂಡು, ಆಮೇಲೆ ತನ್ನ ಹೆಸರು ಪಡೆಯುತ್ತದೆ. ಅರ್ಧ ಆದದ್ದು ಯಾರ ಕಣ್ಣಿಗೂ ಬೀಳುವುದಿಲ್ಲ. ಎಷ್ಟು ಸಲ ಬೇಕಾದರೂ ತೆರೆದು ನೋಡಿಕೊಳ್ಳಬಹುದು ಎಂದು ಎಲ್ಲರೆದುರೇ ಗುಬ್ಬಿಗೆ ಹೇಳಿ, ಚೀಲ ಹೆಗಲಿಗೇರಿಸಿ ಹೊರಟುಹೋದ.

ಅಷ್ಟೇ. ತಿರುಗಿಯೂ ನೋಡಲಿಲ್ಲ. 'ಕೆಲಸಕ್ಕೆ ಬಂದವನು, ಕೆಲಸ ಮುಗಿಸಿ ಹೋದ. ನಾನ್ಯಾಕೆ ಖಾಲಿ ಕುರ್ಚಿ ನೋಡ್ತಾ ಇದ್ದೀನಿ?'

ಮುಂದಿನ ಬುಧವಾರ ಸಂಜೆ ಅವನು ಅವಳ ಬಸ್ ನಿಲ್ದಾಣದಲ್ಲಿ ನಿಂತಿದ್ದ.

ಗುಬ್ಬಿಯ ಕಾಲು ನಿಂತುಹೋಯಿತು. ಮತ್ತೆ ಏನು ಕೆಟ್ಟಿತು ಎಂದು ಕೇಳಿದಳು.

"ಏನೂ ಕೆಟ್ಟಿಲ್ಲ. ಕೆಲಸ ಇಲ್ಲದೇನೇ ಬಂದೆ."

ಅವಳು ಅವನ ಮುಖವನ್ನು ಹುಡುಕಿದಳು. ಐದು ದಿನದಿಂದ ಗಂಟಲಲ್ಲಿದ್ದ ಪ್ರಶ್ನೆ ಹೊರಗೆ ಬಂತು. "ನಾನು ಸುಳ್ಳು ಹೇಳಿದ್ದು ಮೊದಲನೇ ದಿನವೇ ಗೊತ್ತಿತ್ತಲ್ಲ. ಯಜಮಾನರಿಗೆ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ಎಲ್ಲ ನಿಮ್ಮದೇ ತಪ್ಪು ಅಂತ ಅವರು ತಕ್ಷಣ ನಂಬ್ತಿದ್ರು. ಅದಕ್ಕೇ." ಅವನು ನೆಲ ನೋಡಿದ. "ಮೊದಲು ನನಗೂ ಅನುಮಾನ ಇತ್ತು. ಆಮೇಲೆ ಅನುಮಾನ ಹೋಯ್ತು, ನೋಡೋದು ಮಾತ್ರ ಬಿಡೋಕೆ ಆಗ್ಲಿಲ್ಲ. ನಿಮ್ಮ ಮನೆಗೆ ಬಂದು ಮಾತಾಡಲಾ?"

ರಸ್ತೆಯ ಸದ್ದೆಲ್ಲ ದೂರವಾಯಿತು. ಮಾತಿಗೆ ಯಾವ ಮೋಸ ಅಂಟಿದೆಯೆಂದು ಹುಡುಕುವ ಅವಳ ಕಣ್ಣಿಗೆ ಈ ಸಲ ಏನೂ ಸಿಗಲಿಲ್ಲ.

"ಭಾನುವಾರ ಬನ್ನಿ," ಎಂದಳು. "ಅತ್ತಿಗೆ ತುಂಬಾ ಪ್ರಶ್ನೆ ಕೇಳ್ತಾರೆ."

"ಕೇಳಲಿ. ನಿಮ್ಮನ್ನ ನೀನು ಅನ್ನೋಕೂ ಅವರ ಅಪ್ಪಣೆ ಬೇಕಾ?"

ಗುಬ್ಬಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. ಬಿಚ್ಚಿದಳು.

"ಅದಕ್ಕೆ ನನ್ನ ಅಪ್ಪಣೆ ಸಾಕು."

"ಕೊಟ್ಟ ಹಾಗಾ?"

"ಹ್ಞೂಂ."

ಅವನು ನಕ್ಕ. ಅವಳ ಕೈಯಲ್ಲಿದ್ದ ಚೀಲವನ್ನು ತೆಗೆದುಕೊಂಡ.

"ನಡಿ ಹಾಗಾದ್ರೆ. ನಿನ್ನ ಬಸ್ ಬಂತು."