ಸೋಸಿದ ನೀರಿನ ಹುಳ

ಪ್ರಾಜಕ್ತಾ ಗಾಜಿನ ಬರಣಿಯನ್ನು ಬೆರಳಿನಿಂದ ಮೆಲ್ಲಗೆ ತಟ್ಟಿದಳು. ಒಳಗಿದ್ದ ಹುಳ ಒಂದು ಕಾಲನ್ನೂ ಅಲುಗಿಸಲಿಲ್ಲ.

“ನಿನ್ನ ಹುಳ ಉಪಾಸ ಹಿಡದೈತಿ ನೋಡು,” ಎಂದ ಪಕ್ಕದ ಬೆಂಚಿನ ಅಭಿನಂದನ. ಐದನೇ ಕ್ಲಾಸಿಗೆ ಕ್ಲಾಸೇ ನಕ್ಕಿತು. ಪ್ರಾಜಕ್ತಾ ಮಾತ್ರ ಬರಣಿಯನ್ನು ತನ್ನ ಕಡೆಗೆ ಎಳೆದುಕೊಂಡಳು.

ಅಲ್ಲ, ಆಕೆ ಏನು ಕಡಿಮೆ ಮಾಡಿದ್ದಳು ಹೇಳಿ? ಬೇಡಕಿಹಾಳದಲ್ಲಿ ಅವರ ಕಬ್ಬಿನ ಹೊಲದ ಕೆಳಗೆ ಒಂದು ಒರತೆ ಇದೆ. ಬೇಸಿಗೆಯಲ್ಲೂ ನೀರು ಜಿನುಗಿ, ಸುತ್ತಲಿನ ನೆಲವೆಲ್ಲ ಜೌಗಾಗಿ, ಹುಲ್ಲಿನ ನಡುವೆ ಸಣ್ಣ ಸಣ್ಣ ಗುಂಡಿಗಳಾಗಿವೆ. ಹುಳ ಸಿಕ್ಕಿದ್ದು ಅಲ್ಲೇ. ಅದು ಏರೋಪ್ಲೇನ್ ಚಿಟ್ಟೆಯ ಮರಿ, ಜೋಪಾನ ಮಾಡಿದರೆ ರೆಕ್ಕೆ ಬರುವುದನ್ನು ನಾವೇ ನೋಡಬಹುದು ಎಂದಿದ್ದರು ಮನೀಷಾ ಟೀಚರ್. ಅಂದಿನಿಂದ ಇಡೀ ಕ್ಲಾಸು ಕಾಯುತ್ತಿತ್ತು.

ಜೋಪಾನ ಮಾಡುವುದನ್ನು ಪ್ರಾಜಕ್ತಾಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಮನೆಯಲ್ಲಿ ಅಜ್ಜಿ ಕಮಲಾಬಾಯಿ, ಅಂದರೆ ಆಕೆಯ ಆಯಿ, ಸೋಸದ ನೀರನ್ನು ಒಂದು ಗುಟುಕೂ ಕುಡಿಯುವವಳಲ್ಲ. ಬಾವಿಯ ನೀರನ್ನು ದಪ್ಪ ಬಟ್ಟೆಯಲ್ಲಿ ಸೋಸುವುದು, ಬಟ್ಟೆಯಲ್ಲಿ ಉಳಿದ ಸಣ್ಣ ಜೀವಗಳನ್ನು ಅದೇ ಬಾವಿಗೆ ಮರಳಿ ಬಿಡುವುದು ಆ ಜೈನರ ಮನೆಯ ದಿನದ ಕೆಲಸ. ಪ್ರಾಜಕ್ತಾಳೂ ಹಾಗೇ ಒರತೆಯ ನೀರನ್ನು ಸೋಸಿ ಬರಣಿಗೆ ತುಂಬಿದಳು, ಬಟ್ಟೆಯನ್ನು ಒರತೆಯಲ್ಲೇ ಜಾಲಿಸಿದಳು. ಹುಳಕ್ಕೆ ತಿನ್ನಲು ಅನ್ನದ ಅಗಳು ಹಾಕಿದಳು, ರೊಟ್ಟಿಯ ಚೂರು ಹಾಕಿದಳು. ಮಹಾರಾಯ ಮೂಸಿಯೂ ನೋಡಲಿಲ್ಲ.

ಟೀಚರ್ ಬಂದು ಬರಣಿ ಎತ್ತಿ ನೋಡಿದರು. ನೀರು ಇಷ್ಟು ತಿಳಿಯಾಗಿ ಹೇಗಿದೆ ಎಂದು ಕೇಳಿದರು. ಪ್ರಾಜಕ್ತಾ ಹೆಮ್ಮೆಯಿಂದ ಎಲ್ಲ ಹೇಳಿದಳು.

“ಅದರ ಊಟಾನ ಸೋಸಿ ಬಿಟ್ಟ ಬಂದೀಯಲ್ಲವಾ,” ಎಂದರು ಟೀಚರ್. “ಇದು ಸೊಳ್ಳಿ ಮರಿಗೋಳನ್ನ, ಸಣ್ಣ ಸಣ್ಣ ಹುಳಗೋಳನ್ನ ಹಿಡದ ತಿಂತೈತಿ. ಅವೂ ಜೀವಂತ ಇದ್ರಷ್ಟ.”

ಸಂಜೆ ಪ್ರಾಜಕ್ತಾ ಬರಣಿಯನ್ನು ಮನೆಗೆ ತಂದು, ಹಿತ್ತಲಿನ ಸಿಮೆಂಟ್ ತೊಟ್ಟಿಯ ಮುಂದೆ ಲೋಟ ಹಿಡಿದು ನಿಂತಳು. ತೊಟ್ಟಿಯಲ್ಲಿ ಸೊಳ್ಳೆ ಮರಿಗಳು ಡೊಂಕಾಗುತ್ತ ನೆಟ್ಟಗಾಗುತ್ತ ಕುಣಿಯುತ್ತಿದ್ದವು. ಲೋಟ ಅದ್ದಿದರೆ ಇವು ಸಾಯುತ್ತವೆ. ಅದ್ದದಿದ್ದರೆ ಅದು ಸಾಯುತ್ತದೆ. ಯಾರನ್ನು ಉಳಿಸಬೇಕು? ಬರಣಿ ಹಿಡಿದುಕೊಂಡು ಆಯಿಯ ಹತ್ತಿರ ಓಡಿದಳು.

ಆಯಿ ಎಲ್ಲ ಕೇಳಿಸಿಕೊಂಡು ಹುಳವನ್ನು ಬಹಳ ಹೊತ್ತು ನೋಡಿದಳು. ಹುಟ್ಟಿದಾಗಿನಿಂದ ನೀರು ಸೋಸುತ್ತ ಬಂದರೂ, ಸೋಸಿದರೆ ಯಾರದೋ ಊಟ ಹೋಗುತ್ತದೆ ಎಂದು ತನಗೆ ಹೊಳೆದೇ ಇರಲಿಲ್ಲ ಎಂದಳು.

“ಯಾರನ್ನ ಉಳಸಬೇಕು ಅನ್ನೋದು ನನಗೂ ತಿಳೀವಲ್ದವ್ವಾ. ಅದರ ನೀರಾಗ ಅದನ್ನ ಬಿಡೂಣು. ಅಷ್ಟ ಗೊತ್ತು ನನಗ.”

ಬಿಟ್ಟರೆ ರೆಕ್ಕೆ ನೋಡುವ ಹಾಗಿಲ್ಲ. ನಾಳೆ ಅಭಿನಂದನ ಸುಮ್ಮನಿರುತ್ತಾನೆಯೇ? ಪ್ರಾಜಕ್ತಾಳಿಗೆ ಅಳು ಬರುವ ಹಾಗಾಯಿತು. ಆದರೂ ಇಬ್ಬರೂ ಒರತೆಗೆ ನಡೆದರು. ಮೊಣಕಾಲು ನೋವಿನ ಆಯಿ ಬದುವಿನ ಮೇಲೆಯೇ ಕುಳಿತಳು.

ಪ್ರಾಜಕ್ತಾ ಕೆಳಗಿಳಿದು ಬರಣಿ ಬಗ್ಗಿಸಿದಳು. ಹುಳ ಕೆಸರಿಗೆ ಇಳಿದು ಅಲ್ಲಾಡದೆ ಕುಳಿತಿತು. ನೀರಿನ ಮೇಲೆ ಉದ್ದ ಕಾಲಿನ ಹುಳಗಳು ಜಾರಾಡುತ್ತಿದ್ದವು. ಕರಿ ಜೀರುಂಡೆಯೊಂದು ಗಾಳಿಯ ಗುಳ್ಳೆ ಹಿಡಿದುಕೊಂಡು ಮುಳುಗಿತು. ಇನ್ನು ತನ್ನ ಹುಳ ಸತ್ತೇ ಹೋಯಿತೇನೋ ಎಂದುಕೊಳ್ಳುವಾಗ ಒಂದು ಸೊಳ್ಳೆ ಮರಿ ಕುಣಿಯುತ್ತ ಅದರ ಹತ್ತಿರ ಬಂತು.

ಪ್ರಾಜಕ್ತಾ ಅದನ್ನು ಓಡಿಸಲು ಕೈ ಎತ್ತಿದಳು. ಎತ್ತಿದ ಕೈ ಹಾಗೇ ನಿಂತಿತು.

ಹುಳದ ಬಾಯಿ ಚಕ್ಕನೆ ಮುಂದೆ ಚಾಚಿತು. ಸೊಳ್ಳೆ ಮರಿ ಇರಲಿಲ್ಲ.

ಅಯ್ಯೋ ಪಾಪ ಎನಿಸಿತು. ಹುಳ ಬದುಕಿದೆಯಲ್ಲ ಎಂದು ಖುಷಿಯೂ ಆಯಿತು. ಎರಡೂ ಒಟ್ಟಿಗೇ ಹೇಗೆ ಆದವೋ ತಿಳಿಯದೆ ಕಣ್ಣು ತುಂಬಿಬಂತು.

“ಏನಾತವ್ವಾ?” ಬದುವಿನ ಮೇಲಿಂದ ಆಯಿ ಕೇಳಿದಳು.

ಕೊಂದಿತು ಎಂದು ಹೇಳಲು ಪ್ರಾಜಕ್ತಾ ಬಾಯಿ ತೆರೆದಳು. ಮತ್ತೊಮ್ಮೆ ನೀರಿನೊಳಗೆ ನೋಡಿದಳು.

“ಊಟಾ ಮಾಡ್ತು, ಆಯಿ,” ಎಂದಳು.