ಮೇ ತಿಂಗಳ ಸ್ವೆಟರ್

ಮೇ 13, ಮಂಗಳವಾರ, ಬೆಳಿಗ್ಗೆ 9.40. ಸಿಂಧನೂರು ಗ್ರಾಮೀಣ ಠಾಣೆಯ ಫ್ಯಾನು ಬಿಸಿಗಾಳಿಯನ್ನೇ ತಿರುಗಿಸುತ್ತಿತ್ತು. ಮುಕ್ಕುಂದದ ಅಂಜುಮ್ ತನ್ನ ತಾಯಿ ಮಕ್ತುಂಬೀಯ ಕೈಹಿಡಿದು ಎಳೆದುಕೊಂಡೇ ಒಳಗೆ ಬಂದಳು. ಏಳು ವರ್ಷದ ಮಗಳು ಕಹಕಶಾಳನ್ನು ಏಳೂವರೆಗೆ, ಮನೆಯಲ್ಲಿ ಮಕ್ತುಂಬೀ ಒಬ್ಬಳೇ ಇದ್ದಾಗ, ಗಂಡ ಇಶ್ತಿಯಾಕ್ ಕಾರಿನಲ್ಲಿ ಕರೆದೊಯ್ದಿದ್ದ. ಗಂಡ ಹೆಂಡತಿ ಬೇರೆಯಾಗಿ ಎರಡು ವರ್ಷ. ಮಗು ತಾಯಿಯ ಬಳಿಯೇ ಇರಬೇಕೆಂದು ಕೋರ್ಟಿನ ಆದೇಶವಿತ್ತು.

"ಎಲ್ಲಿಗಂತ ಹೇಳ್ಯಾಳ ಹುಡುಗಿ?" ಇನ್ಸ್‌ಪೆಕ್ಟರ್ ಮಾಳಿಂಗಪ್ಪ ಕೇಳಿದರು.

"ಹಟ್ಟಿಗೆ ಅಂದಳ್ರಿ," ಎಂದಳು ಮಕ್ತುಂಬೀ. ಆಕೆಗೆ ಕಿವಿ ಮಂದ. "ಅಲ್ಲಿ ಅವನ ಅಕ್ಕ ಲಾಲ್‌ಬೀ ಅದಾಳ. ಹೋಗಿ ಬಾ ಅಂದೆ."

ಅಂಜುಮ್ ಮೇಜಿನತ್ತ ಬಗ್ಗಿ ದನಿ ತಗ್ಗಿಸಿದಳು. "ಸಾಹೇಬ್ರ, ಆಕಿಗೆ ಸಕ್ಕರಿ ಕಾಯಿಲೆ ಐತ್ರಿ. ದಿನಾ ಎರಡು ಹೊತ್ತು ಸೂಜಿ. ಸಂಜಿ ಏಳಕ್ಕ ಹಾಕಬೇಕು. ಸೂಜಿ ಮನ್ಯಾಗ ಉಳದೈತಿ."

"ಅವಗ ಗೊತ್ತೈತೇನು?"

"ಇಲ್ರಿ. ಯಾರಿಗೂ ಹೇಳಿಲ್ಲ. ಹೆಣ್ಣುಹುಡುಗಿ, ನಾಳೆ ಮದುವಿ ಆಗಬೇಕು."

ಮಾಳಿಂಗಪ್ಪನವರ ಡ್ರಾಯರಿನಲ್ಲೂ, ಹಳೇ ಫೈಲುಗಳ ಹಿಂದೆ, ಇನ್ಸುಲಿನ್ ಚುಚ್ಚುವ ಪೆನ್ನೊಂದು ನಾಲ್ಕು ವರ್ಷದಿಂದ ಅವಿತು ಕೂತಿತ್ತು. ಠಾಣೆಯಲ್ಲಿ ಒಬ್ಬರಿಗೂ ಸುಳಿವಿಲ್ಲ ಎಂಬುದು ಸಾಹೇಬರ ದೊಡ್ಡ ನಂಬಿಕೆ.

10.05ಕ್ಕೆ ಎಫ್‌ಐಆರ್ ದಾಖಲಾಯಿತು. 10.50ಕ್ಕೆ ಮುಕ್ಕುಂದದ ಮನೆಯಲ್ಲಿ ಪಂಚನಾಮೆ. ಮಾಳಿಂಗಪ್ಪ ಹೇಳಿದ್ದನ್ನು ಕಾನ್‌ಸ್ಟೆಬಲ್ ಭಾಗ್ಯ ಬರೆದುಕೊಂಡಳು: ಟ್ರಂಕು ತೆರೆದಿದೆ, ಎರಡು ಫ್ರಾಕು, ಒಂದು ಕೆಂಪು ಸ್ವೆಟರ್ ಕಾಣೆಯಾಗಿವೆ. ಇಶ್ತಿಯಾಕ್‌ನ ಫೋನು ಸ್ವಿಚ್ ಆಫ್. ಜೀಪು ಮಸ್ಕಿ ದಾಟಿ, ಲಿಂಗಸುಗೂರು ದಾಟಿ ಹಟ್ಟಿಯತ್ತ ಓಡಿತು. ಮಾಳಿಂಗಪ್ಪ ಹತ್ತು ನಿಮಿಷಕ್ಕೊಮ್ಮೆ ಗಡಿಯಾರ ನೋಡಿ ಡ್ರೈವರನ ತಲೆ ತಿಂದರು.

1.20ಕ್ಕೆ ಹಟ್ಟಿಯ ಕಂಪನಿ ಕ್ವಾರ್ಟರ್ಸ್. ಲಾಲ್‌ಬೀ ಬಾಗಿಲು ತೆರೆದವಳೇ ಗಾಬರಿಯಾದಳು. "ಇಶ್ತಿಯಾಕ್ ಇಲ್ಲಿಗೆ ಬಂದು ವರ್ಷ ಆತ್ರಿ."

ಮನೆಯೆಲ್ಲ ಹುಡುಕಿದರು. ಮಗು ಇರಲಿಲ್ಲ. ಬೆವರು ಒರೆಸಿಕೊಳ್ಳುತ್ತ ಮಾಳಿಂಗಪ್ಪ ಪಂಚನಾಮೆಯನ್ನು ಮತ್ತೆ ಓದಿಸಿದರು.

"ಸ್ವೆಟರ್?" ಎಂದಳು ಲಾಲ್‌ಬೀ. "ಈ ಬಿಸಲಾಗ ಸ್ವೆಟರ್ ಯಾರು ಹಾಕ್ತಾರ್ರಿ?"

ತಾವೇ ಹೇಳಿ ಬರೆಸಿದ ಸಾಲು! ಮಾಳಿಂಗಪ್ಪನವರಿಗೆ ತಮ್ಮ ಮೇಲೇ ಸಿಟ್ಟು ಬಂತು. "ನಿನ್ನ ತಮ್ಮ ಏನು ಕೆಲಸ ಮಾಡ್ತಾನ?"

"ಟೂರಿಸ್ಟ್ ವ್ಯಾನ್ ಹೊಡಿತಾನ್ರಿ. ವಾರಕ್ಕ ಎರಡು ಸಲ ಬೆಂಗಳೂರಿಂದ ಊಟಿಗೆ."

ಮಾಳಿಂಗಪ್ಪ ಅಂಜುಮ್‌ಗೆ ಫೋನು ಹಚ್ಚಿದರು. "ನಿಮ್ಮವ್ವನ ಕೇಳು. ಹಟ್ಟಿನೋ, ಊಟಿನೋ?"

ಅತ್ತ ಅಂಜುಮ್ ತಾಯಿಯ ಕಿವಿಯಲ್ಲಿ ಕೂಗಿದ್ದು ಕೇಳಿಸಿತು. ಆಮೇಲೆ ಮಕ್ತುಂಬೀಯ ದನಿ: "ಊಟಿ ಅಂದರ ಎಲ್ಲೈತಿ?"

ವ್ಯಾನ್ ಮಾಲೀಕನ ನಂಬರನ್ನು ಲಾಲ್‌ಬೀ ಕೊಟ್ಟಳು. ಅವನು ಫೋನೆತ್ತಲಿಲ್ಲ. ಹನ್ನೊಂದು ಸಲ ರಿಂಗಾಯಿತು. ವಾಪಸು ಬರುವಾಗ ಮಸ್ಕಿಯಲ್ಲಿ ಜೀಪು ನಿಲ್ಲಿಸಿ ಮಾಳಿಂಗಪ್ಪ ರಸ್ತೆಯ ಮೇಲೆ ಅತ್ತಿಂದಿತ್ತ ತಿರುಗಿದರು. ಕೊಟ್ಟ ಚಹಾ ತಣ್ಣಗಾಯಿತು. 5.20ಕ್ಕೆ ಮಾಲೀಕ ಸಿಕ್ಕ.

"ನಾಲ್ಕಕ್ಕೇ ಬೆಂಗಳೂರಿಂದ ವ್ಯಾನ್ ತಗೊಂಡು ಹೊರಟ ಸರ್. ಪಕ್ಕದ ಸೀಟಲ್ಲಿ ಮಗಳನ್ನ ಕೂರಿಸ್ಕೊಂಡಿದ್ದ."

ವ್ಯಾನ್ ನಂಬರು ಹೆದ್ದಾರಿ ಗಸ್ತಿಗೆ ಹೋಯಿತು. 6.25ಕ್ಕೆ ಮೈಸೂರಿಗೆ ಮುಂಚೆಯೇ ವ್ಯಾನ್ ತಡೆದರು. ಕಹಕಶಾ ಸ್ವೆಟರ್ ತೊಟ್ಟು, ನೀರು ನೀರು ಎಂದು ಕನವರಿಸುತ್ತ ಮಲಗಿದ್ದಳು. 7.10ಕ್ಕೆ ಆಸ್ಪತ್ರೆಯಲ್ಲಿ ಇನ್ಸುಲಿನ್ ಬಿತ್ತು. ಮಗು ಉಳಿಯಿತು.

ಮರುದಿನ ಸಂಜೆ ಇಶ್ತಿಯಾಕ್‌ನನ್ನು ಠಾಣೆಗೆ ತಂದರು.

"ಕೋರ್ಟ್ ಆದೇಶ ಗೊತ್ತಿತ್ತಿಲ್ಲೋ?"

"ಗೊತ್ತಿತ್ರಿ."

"ಮತ್ಯಾಕ?"

"ಎಂಟು ವರ್ಷದಿಂದ ಮಂದಿ ಮಕ್ಕಳಿಗೆ ಆ ಬೆಟ್ಟ ತೋರಿಸಾಕತ್ತೀನ್ರಿ. 'ಅಬ್ಬಾ, ಅಲ್ಲಿ ಮೋಡ ಕೈಗೆ ಸಿಗತಾವಂತ, ಖರೇ ಏನು?' ಅಂತ ನನ್ನ ಮಗಳು ಫೋನಿನ್ಯಾಗ ಕೇಳ್ತಿದ್ದಳು." ಅವನು ತಲೆ ತಗ್ಗಿಸಿದ. "ಹಾದ್ಯಾಗ ನಾಲ್ಕು ಚಾಕಲೇಟ್ ಕೊಡಿಸಿದೆ. ನಿದ್ದಿ ಬಂದೈತಿ ಅನ್ಕೊಂಡೆ."

ಅವನು ಬಿಕ್ಕಿ ಬಿಕ್ಕಿ ಅತ್ತ. ಬಂಧನ ಪತ್ರಕ್ಕೆ ಸಹಿ ಹಾಕಿದವನು ಪೆನ್ನು ಕೆಳಗಿಡಲಿಲ್ಲ.

"ಆ ಸೂಜಿ ಎಲ್ಲಿ ಹಾಕ್ತಾರ್ರಿ? ನನಗೂ ಕಲಿಸ್ರಿ."

ಮಾಳಿಂಗಪ್ಪ ಭಾಗ್ಯಳತ್ತ ಒಮ್ಮೆ ನೋಡಿದರು. ಡ್ರಾಯರು ಎಳೆದರು, ಫೈಲು ಸರಿಸಿದರು, ಇನ್ಸುಲಿನ್ ಪೆನ್ನು ತೆಗೆದು ಅಂಗಿಯ ಗುಂಡಿ ಬಿಚ್ಚಿದರು. "ಇಲ್ಲಿ. ಹೊಟ್ಟಿ ಮ್ಯಾಲ. ಸರಿಯಾಗಿ ನೋಡು."

ಭಾಗ್ಯಳಿಗೆ ಯಾವ ಆಶ್ಚರ್ಯವೂ ಆದಂತಿರಲಿಲ್ಲ. "ಮೊದಲ ಕೈ ತೊಳಕೊಳ್ರಿ ಸರ್," ಎಂದಳು. "ದಿನಾ ಮರೀತೀರಿ."