ತುಳಸಾಬಾಯಿಯ ಎಣ್ಣೆ

“ಆಕಿ ಕೈಯಾಗಿನ ಎಣ್ಣಿ ಮಾತ್ರ ತಲಿಗೆ ಹಚ್ಚಿಸ್ಕೋಬ್ಯಾಡ, ಹರಿ,” ಎಂದು ಸೋದರಮಾವ ವ್ಯಂಕಟೇಶ ಟೋಪಿ ತೆಗೆದು ತನ್ನ ಬೋಳುತಲೆ ತೋರಿಸಿದ. ಹೈದರಾಬಾದಿನಲ್ಲಿ ಓದಿ, ೧೯೪೭ರ ಬೇಸಿಗೆಯಲ್ಲಿ ನರೋಣಾ ಶಾಲೆಗೆ ಮಾಸ್ತರನಾಗಿ ಬಂದು ತಾಯಿಯ ತವರಿನಲ್ಲಿ ಇಳಿದಿದ್ದ ಹರಿ ಹೊಟ್ಟೆ ಹಿಡಿದುಕೊಂಡು ನಕ್ಕ.

ತುಳಸಾಬಾಯಿ ಅವನ ಅಜ್ಜನ ತಮ್ಮನ ವಿಧವೆ. ಹದಿನಾಲ್ಕಕ್ಕೇ ಗಂಡ ತೀರಿ, ತಲೆ ಬೋಳಿಸಿದ ದಿನ ಮನೆಯ ಗಂಡಸರ ಕೂದಲಿಗೆ ಶಾಪ ಹಾಕಿದಳಂತೆ. ಅಂದಿನಿಂದ ಹಿತ್ತಲ ಕೋಣೆಯೇ ಆಕೆಯ ಪಾಲಿಗೆ ಉಳಿದದ್ದು.

ಹರಿ ಬೇಕೆಂದೇ ಅಲ್ಲಿಗೆ ಹೋಗಿ ತಲೆಯೊಡ್ಡಿ ಕುಳಿತ. “ಹಚ್ಚಜ್ಜಿ, ನೋಡೇಬಿಡೋಣು.” ಮುದುಕಿ ಬಟ್ಟಲಲ್ಲಿ ಬೆರಳದ್ದಿ ಅವನ ನೆತ್ತಿಗೆ ಇಟ್ಟಳು. ನಲವತ್ತೈದು ವರ್ಷ ಯಾರೂ ಮುಟ್ಟಗೊಡದ ಬೆರಳು, ಪಾಪ. ಕುಸುಬಿ ಎಣ್ಣೆಯ ಕಮಟು ಕೋಣೆ ತುಂಬಿತು.

ಮಳೆಗಾಲ ಮುಗಿಯುವಷ್ಟರಲ್ಲಿ ಬಾಚಣಿಗೆಯ ತುಂಬ ಕೂದಲು. ಹಣೆಯ ಎರಡೂ ಬದಿ ಬಯಲಾಯಿತು. ಅಫಜಲಪುರದಿಂದ ಹೆಣ್ಣಿನ ಕಡೆಯವರು ಬರುವವರಿದ್ದರು. ಹರಿಯ ನಗು ನಿಂತಿತು. ಶಾಲೆಯಲ್ಲೂ ಊಟದಲ್ಲೂ ಅದೇ ಎಣ್ಣೆಯ ವಾಸನೆ ಅವನ ಬೆನ್ನು ಹತ್ತಿತು.

ಅಮಾವಾಸ್ಯೆಯ ಸಂಜೆ ಹಿತ್ತಲಲ್ಲಿ ಪಿಸುಮಾತು ಕೇಳಿಸಿತು. ಬಾಗಿಲು ತಳ್ಳಿದ. ಕತ್ತಲೆ. ಕಮಟು. ಮುದುಕಿ ಗೋಡೆಗೆ ಮುಖ ಮಾಡಿ ಕೂತಿದ್ದಳು. ತುಟಿ ಅಲುಗುತ್ತಿತ್ತು. ಮಡಿಲಲ್ಲಿ ಏನೋ ಕರಿಯದು. ಕಸಿದುಕೊಂಡ. ಮೆತ್ತಗಿತ್ತು. ಕೂದಲು. ಅವನದೇ ಕೂದಲು. ಉಂಡೆ ಕಟ್ಟಿ ಕೆಂಪು ದಾರ ಸುತ್ತಿತ್ತು.

“ಮಾಟ!” ಓದಿದವನು ಓದದವರಿಗಿಂತ ಜೋರಾಗಿ ಚೀರಿದ.

“ಇಲ್ಲಪ್ಪಾ! ಮಂದಿ ಕಣ್ಣಿಗೆ ಬಿದ್ರ ನನ್ನ ಮ್ಯಾಲೇ ಬರ್ತದಂತ ಆರಿಸಿ ಇಟ್ಟೀನಿ. ನಿನ್ನ ಕೂದಲ ನಿಲ್ಲಲಿ ಅಂತ ದೇವರಿಗೆ ಬೇಡ್ಕೊಳಾಕತ್ತಿದ್ದೆ.”

ಯಾರು ಕೇಳಬೇಕು? ರಜಾಕಾರರ ಹೆದರಿಕೆಗೆ ಗಂಡಸರೂ ಹೊರಬೀಳದ ಹೊತ್ತಿನಲ್ಲಿ ಆಕೆಯನ್ನು ಹೊರಗೆ ಹಾಕಿದರು. ಮೂರನೆಯ ದಿನ ಮಟಕಿ ಊರಿನ ದಾರಿಯ ಬಾವಿಯಲ್ಲಿ ಹೆಣ ಸಿಕ್ಕಿತು.

ಕರ್ಮ ಮಾಡಲು ಯಾರೂ ಮುಂದೆ ಬರಲಿಲ್ಲ. ದೆವ್ವವಾಗಿ ಕಾಡಿಯಾಳೆಂದು ಅಂಜಿ ಹರಿಯೇ ತಲೆ ಬೋಳಿಸಿಕೊಳ್ಳಲು ಕುಳಿತ. ಎಪ್ಪತ್ತು ದಾಟಿದ ಹಜಾಮ ಮಲ್ಕಪ್ಪ ಕತ್ತಿ ಎತ್ತಿದವನು ಹಾಗೇ ನಿಂತ.

“ನಿಮ್ಮವ್ವನ ಅಪ್ಪಂದೂ, ಅವರ ಅಪ್ಪಂದೂ ಇದೇ ತಲಿ ನೋಡ್ರಿ. ತುಳಸಾಬಾಯಿ ಈ ಮನಿಗೆ ಬರೂಕಿಂತ ಮೊದಲಿಂದೂ ಹಿಂಗೇ.”

“ಸುಳ್ಳು! ಯಾರೂ ಯಾಕ ನೋಡಿಲ್ಲ ಮತ್ತ?”

“ಅವರೆಲ್ಲಾ ಜುಟ್ಟಿನವರಲ್ಲೇನ್ರಿ? ಮುಂದಲಿ ಬೋಳಿಸ್ಯಾರ ಅಂತ ಮಂದಿ ತಿಳಕೊಂಡಿದ್ರು. ಬೋಳಸಾಕ ಅಲ್ಲೇನೂ ಇರ್ತಿದ್ದಿಲ್ಲ, ಬರೇ ಕತ್ತಿ ಆಡಸ್ತಿದ್ದೆ. ನಿಮ್ಮ ಮಾವ ಕ್ರಾಪು ಬಿಟ್ಟ ಮ್ಯಾಲೇ ಎಲ್ಲಾರಿಗೂ ಕಂಡದ್ದು. ನನ್ನ ಯಾರು ಕೇಳಿದ್ರಿ?”

“ಆಕಿ ಶಾಪ?”

“ಆವತ್ತು ಆಕಿ ತಲಿ ಬೋಳಿಸಿದಾಂವ ನಾನೇರಿ. ‘ಮೆಲ್ಲಕ ಮಾಡು ಮಲ್ಕಪ್ಪ, ಉರೀತದ’ ಅಂದ್ಲು ಕೂಸು. ಬ್ಯಾರೆ ಒಂದ ಮಾತ ಆಡಲಿಲ್ಲ.”

ಹರಿ ಬಹಳ ಹೊತ್ತು ಅತ್ತ. ಆಮೇಲೆ ತಲೆ ಬಗ್ಗಿಸಿದ.

“ನನಗ ಮೆಲ್ಲಕ ಮಾಡಬ್ಯಾಡ,” ಎಂದ.